ಎನ್‌ಎಂಎಂಎಸ್ ಪಾಸಾಗಿದ್ದಾಳೆ, ದುಡ್ಡು ಯಾಕೆ ಬಂದಿಲ್ಲ?

ಪ್ರಶ್ನೆ: ಮಗಳು ಸರ್ಕಾರಿ ಶಾಲೆಯಲ್ಲಿ ಓದುತ್ತಾಳೆ. ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ (ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ) ಪರೀಕ್ಷೆ ಪಾಸಾದಳು. ಈಗ ಒಂಬತ್ತನೇ ಕ್ಲಾಸು ಮುಗಿಯುತ್ತಾ ಬಂತು, ಒಂದು ರೂಪಾಯಿಯೂ ಬಂದಿಲ್ಲ. ಶಾಲೆಯಲ್ಲಿ ಕೇಳಿದರೆ ಬ್ಯಾಂಕಿಗೆ ಹೋಗಿ ಅಂತಾರೆ, ಬ್ಯಾಂಕಿನಲ್ಲಿ ಶಾಲೆಗೆ ಹೋಗಿ ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ಪಾಸಾದಳು ಅಂದರೆ ಆಯ್ಕೆ ಪಟ್ಟಿಯಲ್ಲಿ ಹೆಸರಿದೆಯಾ, ಅಥವಾ ಬರೀ ಅರ್ಹತೆಯ ಅಂಕ ಬಂದಿದೆಯಾ? ಎರಡು ಪತ್ರಿಕೆಯೂ ಸೇರಿ ಶೇ 40 ಬಂದರೆ (ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 32) ಅರ್ಹತೆ ಸಿಗುತ್ತದೆ, ಅಷ್ಟೇ. ಇಡೀ ದೇಶಕ್ಕೆ ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿವೇತನ, ಅದರಲ್ಲಿ ಕರ್ನಾಟಕದ ಪಾಲು 5,534. ಅಷ್ಟರೊಳಗೆ ಬಂದವರಿಗೆ ಮಾತ್ರ ದುಡ್ಡು.

ಪಟ್ಟಿಯಲ್ಲಿ ಹೆಸರಿದೆ ಅಂತಲೇ ಇಟ್ಟುಕೊಳ್ಳೋಣ. ಆದರೂ ದುಡ್ಡು ತಾನಾಗಿ ಬರುವುದಿಲ್ಲ, ಇದನ್ನು ಯಾರೂ ಸರಿಯಾಗಿ ಹೇಳುವುದೇ ಇಲ್ಲ. ಒಂಬತ್ತನೇ ಕ್ಲಾಸಿಗೆ ಬಂದ ಮೇಲೆ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಅದನ್ನು ಮೊದಲು ಶಾಲೆಯವರು ಪರಿಶೀಲಿಸಬೇಕು, ಆಮೇಲೆ ಜಿಲ್ಲೆಯಲ್ಲಿ ಇದನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿ. ಇಬ್ಬರಲ್ಲಿ ಒಬ್ಬರು ಗಡುವಿನೊಳಗೆ ಮಾಡದಿದ್ದರೂ ಅರ್ಜಿ ಅಲ್ಲೇ ಕೂತಿರುತ್ತದೆ. ಹಾಗಾಗಿ ಶಾಲೆಗೆ ಹೋದಾಗ 'ದುಡ್ಡು ಯಾವಾಗ ಬರುತ್ತೆ ಸರ್' ಅಂತ ಕೇಳಬೇಡಿ, 'ಅರ್ಜಿಯ ಸ್ಟೇಟಸ್ ಒಂದು ಸಲ ತೆಗೆದು ತೋರಿಸಿ ಸರ್' ಅನ್ನಿ. ಲಾಗಿನ್ ಆಗೋಕೆ ಒಟಿಪಿ ಬೇಕು, ಅದು ಅರ್ಜಿ ಹಾಕುವಾಗ ಕೊಟ್ಟ ನಂಬರಿಗೇ ಹೋಗುತ್ತದೆ. ಅವತ್ತು ಕೊಟ್ಟಿದ್ದು ಚಿಕ್ಕಪ್ಪನ ನಂಬರಾಗಿದ್ದು, ಅವರು ಆಮೇಲೆ ಸಿಮ್ ಬದಲಾಯಿಸಿದ್ದರೆ, ಮೊದಲ ತೊಡಕು ಅಲ್ಲೇ ಸಿಕ್ಕಿತು ಅನ್ನಿ.

ಜಾಸ್ತಿ ಕಾಟ ಕೊಡುವುದು ಹೆಸರು. ಶಾಲೆಯ ದಾಖಲೆಯಲ್ಲಿ 'ಕಾವ್ಯ ಎಂ', ಆಧಾರ್‌ನಲ್ಲಿ 'ಕಾವ್ಯ ಮಂಜುನಾಥ'. ನಮಗೆ ಎರಡೂ ಒಂದೇ ಹುಡುಗಿ, ಕಂಪ್ಯೂಟರಿಗೆ ಇಬ್ಬರು. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮ ಕಡೆಯವರಿಗೆ ಇದು ತಪ್ಪಿದ್ದಲ್ಲ, ಅಲ್ವಾ? ಹೆಸರು, ಹುಟ್ಟಿದ ತಾರೀಕು ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ.

ಇನ್ನು ಬ್ಯಾಂಕು. 'ಆಧಾರ್ ಲಿಂಕ್ ಆಗಿದೆ' ಅಂತ ಅವರು ಹೇಳಿದರೆ ಸುಮ್ನೆ ತಲೆ ಅಲ್ಲಾಡಿಸಿ ಬರಬೇಡಿ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿರುವುದು ಬೇರೆ, ಸರ್ಕಾರದ ದುಡ್ಡು ಬರೋಕೆ ಖಾತೆಯನ್ನು ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವೆ ಹಣ ವರ್ಗಾವಣೆಯ ವ್ಯವಸ್ಥೆ ನಡೆಸುವ ಸಂಸ್ಥೆ) ಆಧಾರ್‌ಗೆ ಜೋಡಿಸುವುದು ಬೇರೆ. ಎರಡನೆಯದಕ್ಕೆ ಸೀಡಿಂಗ್ ಅಂತಾರೆ, ಅದಕ್ಕೆ ಬ್ಯಾಂಕಿನಲ್ಲಿ ಬೇರೆ ಫಾರಂ ಇರುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ಲಾಗಿನ್ ಆದರೆ ಈಗ ಯಾವ ಬ್ಯಾಂಕಿಗೆ ಸೀಡಿಂಗ್ ಆಗಿದೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಮಗಳ ಹೆಸರಿನಲ್ಲಿ ಎರಡು ಖಾತೆ ಇದ್ದರೆ, ದುಡ್ಡು ನೀವು ಮರೆತೇ ಹೋದ ಹಳೇ ಖಾತೆಗೆ ಬಿದ್ದಿರಲೂಬಹುದು. ಅದರ ಪಾಸ್‌ಬುಕ್ಕನ್ನೂ ಎಂಟ್ರಿ ಮಾಡಿಸಿ ನೋಡಿ. ತಿಂಗಳಿಗೆ 1,000 ಅಂತ ಹುಡುಕಬೇಡಿ, ವರ್ಷದ್ದು 12,000 ಒಟ್ಟಿಗೇ ಬರುತ್ತದೆ.

ಇಷ್ಟೆಲ್ಲಾ ಸರಿಹೋಗಿ ಈ ವರ್ಷದ್ದು ಬಂದರೂ ಹತ್ತನೇ ಕ್ಲಾಸಿಗೆ ಮತ್ತೆ ನವೀಕರಣದ ಅರ್ಜಿ ಹಾಕಬೇಕು, ಪ್ರತಿ ವರ್ಷವೂ ಹಾಕಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ ಶೇ 60 ಬಂದರೆ (ಪರಿಶಿಷ್ಟರಿಗೆ ಶೇ 55) ಪಿಯುಸಿಗೂ ಮುಂದುವರಿಯುತ್ತದೆ. ಆದರೆ ಸರ್ಕಾರಿ ಅಥವಾ ಅನುದಾನಿತ ಕಾಲೇಜೇ ಆಗಬೇಕು. ಅನುದಾನವಿಲ್ಲದ ಖಾಸಗಿ ಕಾಲೇಜಿಗೋ ಡಿಪ್ಲೊಮಾಗೋ ಸೇರಿಸಿದರೆ ಉಳಿದ 24,000 ಹೋಯಿತು. ಸೇರಿಸಬೇಡಿ ಅಂತ ನಾನು ಹೇಳುತ್ತಿಲ್ಲ, ಫೀಸಿನ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.