ಕಾರಿನ ಪೇಂಟ್ ಮೇಲೆ ಪೆಟ್ರೋಲ್ ಚೆಲ್ಲಿದರೆ: ಬರೀ ನೀರು ಯಾಕೆ ಸಾಲುವುದಿಲ್ಲ?

ಕಾರಿನ ಪೇಂಟಿನಲ್ಲಿ ಪದರಗಳಿವೆ: ಬಣ್ಣ ಹಿಡಿಯಲು ಅಡಿಯಲ್ಲಿ ಪ್ರೈಮರ್, ಅದರ ಮೇಲೆ ಬಣ್ಣ, ಅದನ್ನು ಕಾಪಾಡಲು ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ವ್ಯಾಕ್ಸ್, ಅಂದರೆ ಹೊಳಪಿನ ಮೇಣ, ಹಚ್ಚಿದ್ದರೆ ಅದು ಎಲ್ಲಕ್ಕಿಂತ ಮೇಲೆ.

ಬಂಕಿನಲ್ಲಿ ಚೆಲ್ಲಿದ ಕೂಡಲೇ ಮೆತ್ತಗಿನ ಬಟ್ಟೆ ಒತ್ತಿ ಹೀರಿಸಿ. ಉಜ್ಜಬೇಡಿ, ಧೂಳು ಗೀರು ಹಾಕುತ್ತದೆ. ಗಾಜು ಒರೆಸಲು ಇಟ್ಟಿರುವ ಆ ಬಕೆಟ್ ಬಟ್ಟೆಯಂತೂ ಬೇಡವೇ ಬೇಡ. ಬಾಟಲಿ ನೀರು ಸುರಿಯಿರಿ. ಮನೆಗೆ ಬಂದು ಕಾರ್ ಶಾಂಪೂ ಹಾಕಿ ತೊಳೆಯಿರಿ, ಒಣಗಿಸಿ, ವ್ಯಾಕ್ಸ್ ಹಚ್ಚಿ.

ನನಗೆ ಅರ್ಥವಾಗದೆ ಉಳಿದಿದ್ದು ಶಾಂಪೂ ಕಥೆ. ಪೆಟ್ರೋಲ್ ತಾನಾಗಿಯೇ ಹಾರಿಹೋಗುತ್ತದೆ ಅಲ್ವಾ? ಮತ್ತೆ ತೊಳೆಯುವುದು ಏನನ್ನು?

ಪೆಟ್ರೋಲ್ ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ (ಇಂಗಾಲ, ಜಲಜನಕ ಸೇರಿದ ವಸ್ತುಗಳ) ಮಿಶ್ರಣ. ಕೆಲವು ಸುಮಾರು 35 ಡಿಗ್ರಿಗೇ ಕುದಿಯುತ್ತವೆ, ಕೆಲವಕ್ಕೆ 200 ಡಿಗ್ರಿಯ ಹತ್ತಿರ ಬೇಕು. ಹಗುರವಾದವು ಬೇಗ ಆವಿಯಾಗುತ್ತವೆ. ಭಾರದವು ಮತ್ತು ಪೆಟ್ರೋಲಿಗೆ ಸೇರಿಸಿದ ರಾಸಾಯನಿಕಗಳು ತೆಳು ಜಿಡ್ಡಾಗಿ ಉಳಿಯುತ್ತವೆ. ಅದಕ್ಕೆ ಧೂಳು ಅಂಟಿ, ಬಿಸಿಲು ಬಿದ್ದು ಹಳದಿ ಅಂಚಿನ ಕಲೆಯಾಗುತ್ತದೆ.

ಸರಿ, ನೀರು ಹಾಕಿದರೆ? ಈಗ ನಮ್ಮ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ (ಒಂದು ಬಗೆಯ ಆಲ್ಕೋಹಾಲ್) ಇರುತ್ತದೆ. ನೀರು ಬಿದ್ದಾಗ ಎಥನಾಲ್ ಅದರ ಜೊತೆ ಹೋಗುತ್ತದೆ. ಉಳಿದ ಪೆಟ್ರೋಲ್ ಬೆರೆಯುವುದಿಲ್ಲ, ನೀರಿಗಿಂತ ಹಗುರವಾದ್ದರಿಂದ ತೇಲುತ್ತದೆ. ಒಂದಷ್ಟು ಕೊಚ್ಚಿಹೋಗುತ್ತದೆ, ಪೇಂಟಿಗೆ ಹಿಡಿದ ಜಿಡ್ಡು ಮಾತ್ರ ಅಲ್ಲೇ. ಶಾಂಪೂವಿನ ಕಣಕ್ಕೆ ಒಂದು ತುದಿಯಲ್ಲಿ ಜಿಡ್ಡನ್ನೂ ಇನ್ನೊಂದು ತುದಿಯಲ್ಲಿ ನೀರನ್ನೂ ಹಿಡಿಯುವ ಗುಣವಿದೆ. ಎಣ್ಣೆ ಪಾತ್ರೆಗೆ ಸೋಪು ಬೇಕಾದ ಹಾಗೇ.

ಇನ್ನೊಂದು ಗೊಂದಲ: ಗ್ಯಾರೇಜಿನಲ್ಲಿ ಟಾರ್ ಕಲೆಯನ್ನು ಪೆಟ್ರೋಲಿನಲ್ಲೇ ಒರೆಸುತ್ತಾರಲ್ಲ, ಆಗ ಪೇಂಟ್ ಹಾಳಾಗುವುದಿಲ್ಲವೇ? ಕಾರ್ಖಾನೆಯಲ್ಲಿ ಕಾಯಿಸಿ ಗಟ್ಟಿಮಾಡಿದ ಕ್ಲಿಯರ್ ಕೋಟ್ ಒಂದು ಸಲದ ಒರೆಸುವಿಕೆಗೆ ಜಗ್ಗುವುದಿಲ್ಲ, ವ್ಯಾಕ್ಸ್ ಹೋಗುತ್ತದೆ ಅಷ್ಟೆ. ಆದರೆ ಟ್ಯಾಂಕ್ ಮುಚ್ಚಳದ ಸಂದಿಯಲ್ಲಿ ಪೆಟ್ರೋಲ್ ನಿಂತರೆ ಪದರ ಮೆತ್ತಗಾಗಬಹುದು. ಸಾದಾ ಸ್ಪ್ರೇ ಡಬ್ಬಿಯಲ್ಲಿ ಟಚ್‌ಅಪ್ ಮಾಡಿದ ಜಾಗ ಇನ್ನೂ ನಾಜೂಕು, ಬಣ್ಣವೇ ಬಟ್ಟೆಗೆ ಬರಬಹುದು. ವ್ಯಾಕ್ಸ್ ಉಳಿದಿದೆಯೋ ನೋಡಲು ನೀರು ಚಿಮುಕಿಸಿ. ಹನಿ ದುಂಡಗೆ ನಿಂತರೆ ಇದೆ, ಹರಡಿಕೊಂಡರೆ ಬಹುಶಃ ಹೋಗಿದೆ.

ಹಳೆ ಕಲೆಗೆ ಶಾಂಪೂ, ಆಮೇಲೆ ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಮೆತ್ತಗಿನ ಜೇಡಿಯಂಥ ಉಂಡೆ), ಕೊನೆಗೆ ಸಣ್ಣ ಪಾಲಿಶ್. ಪಾಲಿಶ್ ಕ್ಲಿಯರ್ ಕೋಟನ್ನೇ ಸವೆಸುತ್ತದೆ, ಅದಕ್ಕೇ ಕೊನೆಗೆ. ಡೀಸೆಲ್ ಬೇಗ ಆರುವುದಿಲ್ಲ, ಎರಡು ಸಲ ಶಾಂಪೂ ಹಾಕಿ. ಪೆಟ್ರೋಲ್ ಹೀರಿದ ಬಟ್ಟೆ ಡಿಕ್ಕಿಯಲ್ಲಿ ಬೇಡ, ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಬಯಲಲ್ಲಿ, ಬೆಂಕಿಯಿಂದ ದೂರ ಆರಲು ಬಿಡಿ.

ಎಷ್ಟೋ ಸಲ ಚೆಲ್ಲುವುದು ಗನ್ ತಾನಾಗಿ ನಿಂತ ಮೇಲೆ, “ರೌಂಡ್ ಫಿಗರ್ ಮಾಡ್ಲಾ ಸರ್?” ಅಂದಾಗ. ಹೆಚ್ಚಾದ ಪೆಟ್ರೋಲ್, ಟ್ಯಾಂಕಿನ ಆವಿ ಹಿಡಿಯಲು ಕಾರಿನಲ್ಲಿರುವ ಇದ್ದಿಲ ಡಬ್ಬಿಗೂ ನುಗ್ಗಿ ಅದನ್ನು ಕೆಡಿಸಬಹುದು. ಬೇಡ ಅನ್ನಿ, ಚಿಲ್ಲರೆ ಸಮೇತ ಯುಪಿಐ ಮಾಡಿ.