ಭ್ರೂಣ ಎಲ್ಲಿದೆ? ಗರ್ಭಪಾತದ ವ್ಯಾಖ್ಯೆ ಓದುವ ಬಗೆ

ನಮ್ಮಲ್ಲಿ ಗರ್ಭಪಾತಕ್ಕೆ 1971ರ ಕೇಂದ್ರ ಕಾಯ್ದೆ ಇದೆ. ಬೀದರಿಗೂ ಅದೇ, ಕೊಚ್ಚಿಗೂ ಅದೇ. ಲ್ಯಾಬ್‌ನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ, ಅಂದರೆ ಐವಿಎಫ್‌ಗೆ, 2021ರ ಇನ್ನೊಂದು ಕೇಂದ್ರ ಕಾಯ್ದೆ. ಅಮೆರಿಕದ ಕಾನೂನು ಓದಲು ಕೂತಾಗ ಈ ರೂಢಿ ಮರೆಯಬೇಕು. ಗರ್ಭಪಾತ ಸಂವಿಧಾನದ ಹಕ್ಕಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2022ರ ಜೂನ್ 24ರಂದು ಕೊಟ್ಟ ಡಾಬ್ಸ್ ತೀರ್ಪಿನ ನಂತರ ಆ ವಿಷಯ ರಾಜ್ಯಗಳ ಕೈಗೆ ಹೋಯಿತು. ಒಂದೊಂದು ರಾಜ್ಯದ್ದು ಒಂದೊಂದು ವ್ಯಾಖ್ಯೆ.

ನಾನು ಮೊದಮೊದಲು ಶಿಕ್ಷೆಯ ಸೆಕ್ಷನ್ ಹುಡುಕುತ್ತಿದ್ದೆ. ಅದು ತಪ್ಪು ದಾರಿ. ಮೊದಲು ವ್ಯಾಖ್ಯೆಯ ಸೆಕ್ಷನ್ ಓದಿ.

ಟೆಕ್ಸಾಸ್ ನೋಡಿ. ಅಲ್ಲಿ ‘ಹುಟ್ಟಲಿರುವ ಮಗು’ ಅಂದರೆ ಫಲೀಕರಣದ ಕ್ಷಣದಿಂದಲೇ. ಇಷ್ಟೇ ಓದಿದರೆ ಐವಿಎಫ್ ಲ್ಯಾಬ್‌ಗೆ ಬೀಗ ಬೀಳಬೇಕು, ಅಲ್ವಾ? ಬಿದ್ದಿಲ್ಲ. ಯಾಕೆಂದರೆ ಗರ್ಭಪಾತ ಎನ್ನಬೇಕಾದರೆ ಗರ್ಭಿಣಿ ಎಂದು ಗೊತ್ತಿರುವ ಹೆಣ್ಣೊಬ್ಬಳು ಇರಬೇಕು. ಗರ್ಭಿಣಿ ಎಂದರೆ ಮಗು ಅವಳ ದೇಹದೊಳಗೆ ಇರಬೇಕು. ಫ್ರೀಜರ್‌ನಲ್ಲಿರುವ ಭ್ರೂಣಕ್ಕೆ ಈ ಪದ ತಾಗುವುದಿಲ್ಲ. ಗರ್ಭಕೋಶದ ಹೊರಗೆ ನಿಂತ ಗರ್ಭ ತೆಗೆಯುವುದನ್ನು, ತಾನಾಗಿ ಸತ್ತ ಭ್ರೂಣ ತೆಗೆಯುವುದನ್ನು ಅದೇ ಸೆಕ್ಷನ್ ಗರ್ಭಪಾತದಿಂದ ಹೊರಗಿಟ್ಟಿದೆ. ಆದರೆ ಐವಿಎಫ್‌ನಲ್ಲಿ ಮೂರು ಭ್ರೂಣ ನಿಂತು, ಒಂದನ್ನು ಕಡಿಮೆ ಮಾಡಬೇಕಾಗಿ ಬಂದರೆ? ಈಗ ಭ್ರೂಣ ಒಳಗಿದೆ. ಲೆಕ್ಕ ತಲೆಕೆಳಗು.

ಲೂಸಿಯಾನ ಹಿಡಿದದ್ದು ಬೇರೆ ದಾರಿ. 1986ರಲ್ಲೇ ಅದು ಲ್ಯಾಬ್‌ನ ಭ್ರೂಣವನ್ನು ‘ಕಾನೂನಿನ ವ್ಯಕ್ತಿ’ ಎಂದಿತು. ಬೇಕೆಂದೇ ನಾಶ ಮಾಡುವಂತಿಲ್ಲ ಎಂದಿತು. ವಿಚಿತ್ರ ಅನಿಸಿದರೆ ನಮ್ಮ ದೇವಸ್ಥಾನದ ಮೂರ್ತಿಯನ್ನು ನೆನೆಸಿಕೊಳ್ಳಿ. ಆಸ್ತಿ ದೇವರ ಹೆಸರಲ್ಲಿರುತ್ತದೆ, ಕೇಸೂ ದೇವರ ಹೆಸರಲ್ಲೇ ನಡೆಯುತ್ತದೆ. ಹಾಗೆಂದು ಮೂರ್ತಿಯನ್ನು ಯಾರೂ ಮನುಷ್ಯ ಅನ್ನುವುದಿಲ್ಲ.

ಜಾಸ್ತಿ ಸದ್ದು ಮಾಡಿದ್ದು ಅಲಬಾಮಾ. 2020ರಲ್ಲಿ ಮೊಬೀಲ್ ಊರಿನ ಆಸ್ಪತ್ರೆಯಲ್ಲಿ ರೋಗಿಯೊಬ್ಬರು ಭ್ರೂಣ ಇಡುವ ಕೋಣೆಗೆ ನುಗ್ಗಿದರು. ವಿಪರೀತ ತಣ್ಣಗಿದ್ದ ಅವನ್ನು ಮುಟ್ಟಿ ಕೈ ಸುಟ್ಟುಕೊಂಡು ಕೆಳಕ್ಕೆ ಬೀಳಿಸಿದರು. ದಂಪತಿಗಳು ಪರಿಹಾರ ಕೇಳಿದ್ದು 1872ರ ಕಾಯ್ದೆಯಡಿ. ಅಪ್ರಾಪ್ತ ಮಗು ಯಾರದೋ ತಪ್ಪಿನಿಂದ ಸತ್ತರೆ ಹೆತ್ತವರು ದಾವೆ ಹೂಡಬಹುದು ಎನ್ನುವ ಕಾಯ್ದೆ ಅದು. 2024ರ ಫೆಬ್ರವರಿ 16ರಂದು ರಾಜ್ಯದ ಸುಪ್ರೀಂ ಕೋರ್ಟ್, ಗರ್ಭಕೋಶದ ಹೊರಗಿನ ಭ್ರೂಣವೂ ಆ ಕಾಯ್ದೆ ಹೇಳುವ ‘ಮಗು’ವೇ ಎಂದಿತು. ಆದರೆ ಅದೇ ರಾಜ್ಯದ 2019ರ ಗರ್ಭಪಾತ ನಿಷೇಧ ಕಾಯ್ದೆ ಹೇಳುವುದು ಗರ್ಭಕೋಶದೊಳಗಿನ ಮಗುವಿನ ಬಗ್ಗೆ ಮಾತ್ರ! ಓದುವವರು ಎಡವುವುದು ಇಲ್ಲೇ: ಐವಿಎಫ್‌ಗೆ ಹೊಡೆತ ಬಿದ್ದದ್ದು ಗರ್ಭಪಾತದ ಕಾನೂನಿನಿಂದಲ್ಲ, ನಷ್ಟ ಪರಿಹಾರದ ಹಳೇ ಸಿವಿಲ್ ಕಾನೂನಿನಿಂದ.

ಬರ್ಮಿಂಗ್‌ಹ್ಯಾಮ್‌ನ ವಿಶ್ವವಿದ್ಯಾಲಯದ ಆಸ್ಪತ್ರೆ ಸೇರಿ ಕೆಲವೆಡೆ ಚಿಕಿತ್ಸೆ ನಿಂತೇ ಹೋಯಿತು. ಮಾರ್ಚ್ 6ಕ್ಕೆ ಗವರ್ನರ್ ಕೇ ಐವಿ ಹೊಸ ಮಸೂದೆಗೆ ಸಹಿ ಹಾಕಿದರು. ಅದು ಐವಿಎಫ್ ಮಾಡುವವರಿಗೆ ಕೇಸಿನಿಂದ ರಕ್ಷಣೆ ಕೊಟ್ಟಿತು. ಭ್ರೂಣ ಮಗುವೋ ಅಲ್ಲವೋ ಎಂಬ ಪ್ರಶ್ನೆಯನ್ನು ಮಾತ್ರ ಮುಟ್ಟಲಿಲ್ಲ.