ಒಂದಕ್ಷರದ ಬದಲಾವಣೆ, ಬಿಸಿಗೆ ಸೋಲುವ ಕಿಣ್ವ

ನರಕೋಶವೊಂದು ಸಂದೇಶ ಸಾಗಿಸುವ ರಾಸಾಯನಿಕವಾದ ಡೋಪಮೀನ್ ಬಿಟ್ಟ ಮೇಲೆ ಅದನ್ನು ಯಾರಾದರೂ ತೆರವು ಮಾಡಲೇಬೇಕು. ಇಲ್ಲದಿದ್ದರೆ ಹಳೆಯ ಸಂದೇಶವೇ ಮುಗಿಯುವುದಿಲ್ಲ. ಈ ಕೆಲಸಕ್ಕಿರುವ ಕಿಣ್ವಗಳಲ್ಲಿ ಒಂದರ ಹೆಸರು ಸಿಒಎಂಟಿ. 1950ರ ದಶಕದ ಕೊನೆಯಲ್ಲಿ ಇದನ್ನು ಪತ್ತೆ ಮಾಡಿದವರು ಅಮೆರಿಕದ ಜೂಲಿಯಸ್ ಆಕ್ಸೆಲ್‌ರಾಡ್. 1970ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ಸಿಒಎಂಟಿ ಒಂದು ಮೆಗ್ನೀಸಿಯಂ ಅಯಾನಿನ ನೆರವಿನಿಂದ ಡೋಪಮೀನನ್ನು ಹಿಡಿದು, ಅದಕ್ಕೊಂದು ಮೀಥೈಲ್ ಗುಂಪು ಅಂಟಿಸುತ್ತದೆ. ಅಷ್ಟೇ. ಆ ಡೋಪಮೀನ್ ಮತ್ತೆ ಮೊದಲಿನ ಹಾಗೆ ಕೆಲಸ ಮಾಡುವುದಿಲ್ಲ.

ಈ ಕಿಣ್ವದ ಜೀನ್ ಇರುವುದು 22ನೇ ವರ್ಣತಂತುವಿನಲ್ಲಿ. ಅದರಲ್ಲಿ ಒಂದು ಕಡೆ ಡಿಎನ್‌ಎಯ ಅಕ್ಷರ ಕೆಲವರಿಗೆ ಜಿ, ಕೆಲವರಿಗೆ ಎ. ಎ ಇದ್ದರೆ ಕಿಣ್ವದ 158ನೇ ಅಮೈನೋ ಆಮ್ಲ ವ್ಯಾಲೀನ್ ಬದಲು ಮೆಥಿಯೋನಿನ್ ಆಗುತ್ತದೆ. ಮೆಥಿಯೋನಿನ್ ರೂಪಕ್ಕೆ ಕೆಲಸ ಬರದೇನಿಲ್ಲ, ಆದರೆ 37 ಡಿಗ್ರಿಯ ಮೈ ಬಿಸಿಯಲ್ಲಿ ಅದು ಗಟ್ಟಿಯಾಗಿ ನಿಲ್ಲುವುದಿಲ್ಲ, ಬೇಗ ಹಾಳಾಗುತ್ತದೆ. ಹಾಗಾಗಿ ಅಪ್ಪ, ಅಮ್ಮ ಇಬ್ಬರಿಂದಲೂ ಈ ರೂಪವೇ ಬಂದವರಲ್ಲಿ ಕಿಣ್ವದ ಚಟುವಟಿಕೆ ಸಾಕಷ್ಟು ಕಡಿಮೆ. ಎರಡು ರೂಪಗಳಲ್ಲಿ ಒಂದೊಂದು ಬಂದವರದ್ದು ನಡುವೆ.

ಮಿದುಳಿನ ಎಲ್ಲ ಕಡೆಯೂ ಇದರಿಂದ ಒಂದೇ ಥರ ಆಗುವುದಿಲ್ಲ. ಒಳಗಿನ ಸ್ಟ್ರಯಾಟಮ್‌ನಲ್ಲಿ ಡೋಪಮೀನನ್ನು ಮತ್ತೆ ಒಳಗೆಳೆದುಕೊಳ್ಳುವ ಸಾಗಣೆ ಪ್ರೋಟೀನುಗಳು ದಂಡಿಯಾಗಿವೆ, ಅಲ್ಲಿ ಸಿಒಎಂಟಿ ಮಂದವಾದರೂ ನಡೆಯುತ್ತದೆ. ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್‌ನಲ್ಲಿ ಅವು ಬಹಳ ಕಮ್ಮಿ. ಯೋಜನೆ ಹಾಕುವುದು, ಮಾಹಿತಿಯನ್ನು ಕ್ಷಣಕಾಲ ನೆನಪಿಟ್ಟು ಬಳಸುವುದು ಇಲ್ಲಿಯ ಕೆಲಸ. ಹಾಗಾಗಿ ಕಿಣ್ವದ ವೇಗ ಇಲ್ಲೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ಡೋಪಮೀನ್ ಜಾಸ್ತಿ ಉಳಿದಷ್ಟೂ ಒಳ್ಳೆಯದು, ಅಲ್ವಾ? ಅಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಡೋಪಮೀನ್ ಹೆಚ್ಚಿಸುವ ಆಂಫೆಟಮೀನ್ ಕೊಟ್ಟು ನೆನಪಿನ ಪರೀಕ್ಷೆ ಮಾಡಿದರು. ಎರಡೂ ವ್ಯಾಲೀನ್ ಇದ್ದವರ ಕಾರ್ಟೆಕ್ಸ್ ಮೊದಲಿಗಿಂತ ಚುರುಕಾಗಿ ಕೆಲಸ ಮಾಡಿತು. ಎರಡೂ ಮೆಥಿಯೋನಿನ್ ಇದ್ದವರು ಪರೀಕ್ಷೆ ಕಷ್ಟವಾದಾಗ ಮುಗ್ಗರಿಸಿದರು. ಅವರಲ್ಲಿ ಮೊದಲೇ ಸಾಕಷ್ಟಿತ್ತು, ಔಷಧ ಅದನ್ನು ಮಿತಿ ದಾಟಿಸಿತು ಅನ್ನುವುದು ಸಂಶೋಧಕರ ವಿವರಣೆ.

ಇಷ್ಟು ಸಿಕ್ಕಿದ್ದೇ ತಡ, ವ್ಯಾಲೀನ್‌ನವರು ಯೋಧರು, ಮೆಥಿಯೋನಿನ್‌ನವರು ಚಿಂತೆಗಾರರು ಅಂತ ಹಣೆಪಟ್ಟಿ ಬಂತು. ಎಂಜಲಿನಿಂದ ಜೀನ್ ನೋಡುವ ಪರೀಕ್ಷೆಯ ವರದಿಗಳಲ್ಲೂ ಇದು ಸಿಗುತ್ತದೆ. ನನಗಂತೂ ಇದು ಸುಮ್ನೆ ಜಾತಕ ಓದಿದ ಹಾಗೆ ಕಾಣುತ್ತದೆ. ಕಿಣ್ವದ ವೇಗದಲ್ಲಿನ ವ್ಯತ್ಯಾಸ ನಿಜ, ಪ್ರಯೋಗಾಲಯದಲ್ಲಿ ಅಳೆಯಬಹುದು. ಆದರೆ ನೆನಪಿನ ಪರೀಕ್ಷೆಗಳ ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ ಅಂಕಗಳ ವ್ಯತ್ಯಾಸ ಹೆಚ್ಚೂಕಮ್ಮಿ ಮಾಯ. ಮನುಷ್ಯನ ಸ್ವಭಾವದ ಹಿಂದೆ ಸಾವಿರಾರು ಜೀನ್‌ಗಳಿವೆ, ಜೊತೆಗೆ ನಿದ್ದೆ, ವಯಸ್ಸು, ಒತ್ತಡ.

ಇದೇ ಕಿಣ್ವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಉಪಯೋಗಕ್ಕೆ ಬಂದಿದೆ. ಈ ಕಾಯಿಲೆಗೆ ಕೊಡುವ, ಮಿದುಳಲ್ಲಿ ಡೋಪಮೀನ್ ಆಗುವ ಔಷಧ ಲೆವೊಡೋಪಾ ಮಿದುಳು ಮುಟ್ಟುವ ಮೊದಲೇ ದೇಹದಲ್ಲಿ ಸಿಒಎಂಟಿ ಅದನ್ನು ಬದಲಿಸಿಬಿಡುತ್ತದೆ. ಎಂಟಕಾಪೋನ್ ಮಾತ್ರೆ ಅದನ್ನು ತಡೆಯುತ್ತದೆ, ಒಂದು ಡೋಸ್ ಇನ್ನಷ್ಟು ಹೊತ್ತು ಕೆಲಸ ಮಾಡುತ್ತದೆ.